ಪಾಠದ ಚಾಪೆ, ಕಚೇರಿಯ ವೇದಿಕೆ: ಮೈಸೂರಿನ ತಂತಿವಾದ್ಯ ಗುರುಗಳು

ಹಳೆಯ ಮೈಸೂರು ಸಂಸ್ಥಾನದ ಸಂಗೀತ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಚೇರಿಗಳ, ಬಿರುದುಗಳ ಮತ್ತು ರಾಜಸನ್ಮಾನಗಳ ಕಥೆಯನ್ನೇ ಮುಂದು ಮಾಡಿದ್ದಾರೆ; ಸಂಜೆ ದರ್ಬಾರಿನಲ್ಲಿ ವೀಣೆ ಹಿಡಿದು ಕುಳಿತ ವಿದ್ವಾಂಸರೇ ಬೆಳಗಿನ ಹೊತ್ತು ತಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಸರಳೆ ವರಸೆಯಿಂದ ಮೊದಲ್ಗೊಂಡು ಪಾಠ ಹೇಳುತ್ತಿದ್ದರೆಂಬುದು ಒಂದು ಪೂರಕ ಸಂಗತಿಯಂತೆ ಬದಿಗೆ ಸರಿದುಹೋಗಿದೆ. ಮೈಸೂರಿನ ವೀಣೆಯ ಪರಂಪರೆಯನ್ನೂ ಅದರ ಪಕ್ಕದಲ್ಲೇ ಬೆಳೆದ ಪಿಟೀಲಿನ ಪರಂಪರೆಯನ್ನೂ ಹತ್ತಿರದಿಂದ ನೋಡಿದರೆ, ಕಲಿಸುವುದು ಮತ್ತು ನುಡಿಸುವುದು ಅಲ್ಲಿ ಎರಡು ವೃತ್ತಿಗಳಾಗಿರಲಿಲ್ಲವೆಂಬುದೂ, ಒಂದು ಇನ್ನೊಂದರಿಂದಲೇ ಉಸಿರು ಪಡೆಯುತ್ತಿತ್ತೆಂಬುದೂ ಸ್ಪಷ್ಟವಾಗುತ್ತದೆ. ಕಾಲಕಾಲಕ್ಕೆ ಬದಲಾದದ್ದು ಈ ಜೋಡಿ ಕೆಲಸಕ್ಕೆ ಸಂಬಳ ಕೊಡುವ ಕೈ ಮಾತ್ರ. ಅರಮನೆಯ ಬೊಕ್ಕಸದಿಂದ ಆಕಾಶವಾಣಿಗೆ, ಅಲ್ಲಿಂದ ಕಾಲೇಜಿಗೆ ಮತ್ತು ಮನೆಪಾಠದ ತಿಂಗಳ ಶುಲ್ಕಕ್ಕೆ ಆ ಹೊಣೆ ಹೊರಳಿದ ಹಾಗೆಲ್ಲ ಯಾರು ಕಲಿಯಬಹುದು, ಎಷ್ಟು ಕಾಲ ಕಲಿಯಬಹುದು, ಏನನ್ನು ಕಲಿಯಬಹುದು ಎಂಬುದೂ ಬದಲಾಗುತ್ತ ಬಂದಿತು.

ಗಾಯನಕ್ಕಿಂತ ತಂತಿವಾದ್ಯಗಳ ವಿಷಯದಲ್ಲಿ ಈ ನಂಟು ಹೆಚ್ಚು ಬಿಗಿಯಾಗಿರಲು ವಾದ್ಯದ ಸ್ವಭಾವವೇ ಕಾರಣ. ಹಲಸು ಅಥವಾ ಬೀಟೆ ಮರದಿಂದ ಮಾಡಿದ ವೀಣೆಗೆ ದುಂಡನೆಯ ಕೊಡ, ಉದ್ದನೆಯ ದಂಡಿ, ದಂಡಿಯ ತುದಿಗೆ ಯಾಳಿಯ ಮುಖ, ಅದರ ಬಳಿ ಆಸರೆಯಾಗಿ ಸೋರೆಬುರುಡೆ ಇರುತ್ತವೆ. ದಂಡಿಯ ಮೇಲೆ ಮೇಣವನ್ನು ಎರೆದು ಅದರಲ್ಲಿ ಇಪ್ಪತ್ತನಾಲ್ಕು ಲೋಹದ ಮೆಟ್ಟಿಲುಗಳನ್ನು ಕೂರಿಸಲಾಗಿರುತ್ತದೆ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ತಂತಿಗಳಲ್ಲಿ ರಾಗವನ್ನು ನುಡಿಸಿದರೆ, ಪಕ್ಕದಲ್ಲಿರುವ ಮೂರು ತಂತಿಗಳನ್ನು ಕಿರುಬೆರಳಿನಿಂದ ಮೀಟಿ ತಾಳವನ್ನು ತೋರಿಸಲಾಗುತ್ತದೆ. ಬಲಗೈ ಮೀಟುವುದು, ಎಡಗೈ ತಂತಿಯನ್ನು ಒತ್ತಿ, ಜಾರಿಸಿ, ಪಕ್ಕಕ್ಕೆ ಎಳೆದು ಸ್ವರವನ್ನು ಬಾಗಿಸುವುದು. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಷ್ಟು ಎಳೆದರೆ ಮುಂದಿನ ಸ್ವರ ಮುಟ್ಟುತ್ತದೆ, ಅಲ್ಲಿ ಎಷ್ಟು ಹೊತ್ತು ನಿಂತು ಹೇಗೆ ಮರಳಬೇಕು ಎಂಬುದು ಬೆರಳಿನ ತುದಿಗೆ ಮಾತ್ರ ಗೊತ್ತಿರುವ ಸಂಗತಿ. ಸ್ವರಲಿಪಿಯಲ್ಲಿ ಸ, ರಿ, ಗ, ಮಗಳ ಅಕ್ಷರಗಳನ್ನು ಬರೆದಿಡಬಹುದು, ಆದರೆ ಎಳೆತದ ಅಳತೆಯನ್ನು ಬರೆದಿಡಲಾಗದು. ಆದುದರಿಂದಲೇ ಕಚೇರಿಯಲ್ಲಿ ಪಳಗಿದ ಕೈಯೇ ಪಾಠಕ್ಕೂ ಬೇಕಾಗುತ್ತಿತ್ತು.

ಮೈಸೂರಿನ ಈ ವೃತ್ತಿಯ ಮೂಲವನ್ನು ಹುಡುಕಿದರೆ ತಂಜಾವೂರಿಗೆ ಹೋಗಬೇಕಾಗುತ್ತದೆ. ಭೈರವಿ ರಾಗದ ‘ವಿರಿಬೋಣಿ’ ವರ್ಣವನ್ನು ರಚಿಸಿದ ಪಚ್ಚಿಮಿರಿಯಂ ಆದಿಅಪ್ಪಯ್ಯನವರು ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನ ವಿದ್ವಾಂಸರಾಗಿದ್ದು, ಶ್ಯಾಮಾಶಾಸ್ತ್ರಿಗಳಿಗೆ ಗುರುವಾಗಿದ್ದವರು. ಅವರ ವಂಶದ ಕುಡಿಗಳು ಮುಂದೆ ಮೈಸೂರಿನಲ್ಲಿ ನೆಲೆಗೊಂಡು ವೀಣೆಯ ಮನೆತನವಾಗಿ ಬೆಳೆದವು. 1799ರಲ್ಲಿ ಒಡೆಯರ ವಂಶಕ್ಕೆ ಗದ್ದುಗೆ ಮರಳಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಕವಿಗಳನ್ನೂ ಸಂಗೀತಗಾರರನ್ನೂ ಸುತ್ತ ಸೇರಿಸಿಕೊಂಡರು. 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಬಳಿಕವಂತೂ ಅವರ ಗಮನವೆಲ್ಲ ವಿದ್ಯೆ ಮತ್ತು ಕಲೆಗಳ ಪೋಷಣೆಯ ಕಡೆಗೆ ಹರಿಯಿತು. 1855ರಲ್ಲಿ ತಂಜಾವೂರಿನ ಮರಾಠಾ ಅರಸೊತ್ತಿಗೆ ಕೊನೆಗೊಂಡಾಗ ದಕ್ಷಿಣದ ಸಂಗೀತಗಾರರಿಗೆ ಆಸರೆಯಾಗಿ ಉಳಿದ ಕೆಲವೇ ಆಸ್ಥಾನಗಳಲ್ಲಿ ಮೈಸೂರು ಮುಖ್ಯವಾದುದು. ಅರಮನೆಯ ಸಂಗೀತಗಾರರಿಗೆ ಸಂಬಳ ಗೊತ್ತುಮಾಡಿ, ಅವರ ಸರದಿಯನ್ನು ನಿಗದಿಗೊಳಿಸುವ ವ್ಯವಸ್ಥೆ ಆ ಕಾಲದಲ್ಲೇ ರೂಪುಗೊಂಡಿತು. ಹಿರಿಯ ವೈಣಿಕರಲ್ಲೊಬ್ಬರಾದ ಬಕ್ಷಿ ಸುಬ್ಬಣ್ಣನವರ ಹೆಸರಿನೊಳಗೇ ಅಂಥ ಅರಮನೆಯ ಹುದ್ದೆಯೊಂದು ಸೇರಿಕೊಂಡಿದೆ.

ವೀಣೆ ಶೇಷಣ್ಣನವರು (1852–1926) ಈ ವ್ಯವಸ್ಥೆಯ ಮಡಿಲಲ್ಲಿ ಹುಟ್ಟಿದವರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿಯವರ ಆಸ್ಥಾನದಲ್ಲಿ ವೈಣಿಕರಾಗಿದ್ದರು. ಶಿವರಾತ್ರಿಯ ಸಭೆಯೊಂದರಲ್ಲಿ ಇತರರು ನಿರ್ವಹಿಸಲಾರದೆ ಹೋದ ಪಲ್ಲವಿಯನ್ನು ಎಳೆಯ ಶೇಷಣ್ಣನವರು ನಿಭಾಯಿಸಿ ಒಡೆಯರ ಮೆಚ್ಚುಗೆ ಪಡೆದರೆಂಬ ಐತಿಹ್ಯ ಮೈಸೂರಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಐತಿಹ್ಯದ ಬಣ್ಣವೇನೇ ಇರಲಿ, ಅದರೊಳಗೆ ಒಂದು ಶಿಕ್ಷಣಕ್ರಮ ಅಡಗಿದೆ: ಅಪ್ಪನ ಸಭೆಯೇ ಮಗನ ಪಾಠಶಾಲೆಯಾಗಿದ್ದಿತು. ತಂದೆ ತೀರಿಕೊಂಡ ಮೇಲೆ, ಸ್ವತಃ ವೀಣೆ ಬಲ್ಲವರಾಗಿದ್ದ ಅಕ್ಕ ವೆಂಕಮ್ಮನವರು ತಮ್ಮನ ಸಾಧಕವನ್ನು ನೋಡಿಕೊಂಡರೆಂದೂ, ಅದೇ ಹೆಸರಿನ ಹಿರಿಯ ವೈಣಿಕರಾದ ದೊಡ್ಡ ಶೇಷಣ್ಣನವರಲ್ಲಿ ವೀಣೆಯ ಪಾಠವೂ ಮೈಸೂರು ಸದಾಶಿವರಾಯರಲ್ಲಿ ಗಾಯನದ ಪಾಠವೂ ಮುಂದುವರಿದವೆಂದೂ ತಿಳಿದುಬರುತ್ತದೆ. ವೇದಿಕೆಯನ್ನು ಎಂದೂ ಏರದ ಅಕ್ಕನೊಬ್ಬಳು ಮನೆಯೊಳಗೆ ಕುಳಿತು ಒಂದು ಮಹಾಪರಂಪರೆಯ ಕೊಂಡಿಯನ್ನು ಕಾಪಾಡಿದ ಈ ಸಂಗತಿಗೆ ಸಂಗೀತ ಚರಿತ್ರೆಯಲ್ಲಿ ಈಗ ದೊರೆತಿರುವುದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು. ಸದಾಶಿವರಾಯರು ತ್ಯಾಗರಾಜರ ಶಿಷ್ಯರಾದ ವಾಲಾಜಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಹೀಗೆ ವೀಣೆಯ ಮನೆತನದ ಬೆರಳಿಗೆ ತ್ಯಾಗರಾಜರ ಗಾಯನದ ಸಂಪತ್ತೂ ಬಂದು ಸೇರಿತು. ವೀಣೆ ಕಲಿಯುವವನು ಹಾಡಲೂ ಕಲಿಯಬೇಕೆಂಬ ಮೈಸೂರಿನ ನಿಯಮದ ಹಿಂದೆ ಈ ಕೂಡಿಕೆಯಿದೆ.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಮರುವರ್ಷವೇ, ಸ್ವತಃ ಪಿಟೀಲು ನುಡಿಸಬಲ್ಲವರಾಗಿದ್ದ ಚಾಮರಾಜ ಒಡೆಯರು ಶೇಷಣ್ಣನವರನ್ನು ಆಸ್ಥಾನ ವಿದ್ವಾಂಸರನ್ನಾಗಿ ನೇಮಿಸಿದರು. ಆಸ್ಥಾನ ವಿದ್ವಾಂಸನೆಂದರೆ ಅರಮನೆಯಿಂದ ತಿಂಗಳ ಸಂಬಳ ಪಡೆದು ದಸರಾ, ವರ್ಧಂತಿ, ಶಿವರಾತ್ರಿ ಮುಂತಾದ ಸಂದರ್ಭಗಳಲ್ಲಿ ತನ್ನ ಸರದಿಯ ಸೇವೆ ಸಲ್ಲಿಸುವ ಕಲಾವಿದ. ಉಳಿದ ಕಾಲದಲ್ಲಿ ಆತನು ಅಪ್ಪಣೆ ಪಡೆದು ಬೇರೆ ಸಂಸ್ಥಾನಗಳಿಗೆ ಹೋಗಿ ನುಡಿಸಬಹುದಿತ್ತು, ಮನೆಯಲ್ಲಿ ಶಿಷ್ಯರನ್ನು ಇಟ್ಟುಕೊಳ್ಳಬಹುದಿತ್ತು. ಶೇಷಣ್ಣನವರು ಬರೋಡದಂತಹ ದೂರದ ಆಸ್ಥಾನಗಳಲ್ಲೂ ನುಡಿಸಿ ಕೀರ್ತಿ ಪಡೆದರು. ಬರೋಡದ ಗಾಯಕವಾಡ ಮಹಾರಾಜರು ಕೊಟ್ಟ ಪಲ್ಲಕ್ಕಿಯಲ್ಲಿ ತಾವು ಕೂರಲೊಪ್ಪದೆ ವೀಣೆಯನ್ನು ಕೂರಿಸಿ, ಪಕ್ಕದಲ್ಲಿ ನಡೆದುಬಂದರೆಂದು ಮೈಸೂರಿನ ಹಿರಿಯರು ಹೇಳುತ್ತಿದ್ದರು. ಅವರ ಸಮಕಾಲೀನರಾದ ವೀಣೆ ಸುಬ್ಬಣ್ಣನವರು ಅನುಕೂಲಸ್ಥ ಮನೆತನದವರು, ಅರಮನೆಯ ಶಾಲೆಯಲ್ಲಿ ಚಾಮರಾಜ ಒಡೆಯರೊಡನೆ ಓದಿದವರು. ಈ ಇಬ್ಬರೂ ಜೊತೆಯಾಗಿ ನುಡಿಸುತ್ತಿದ್ದ ಜೋಡಿ ವೀಣೆಯ ಕಚೇರಿಗಳಿಂದ ಮೈಸೂರಿನ ಹೆಸರು ವೀಣೆಯ ಹೆಸರಿನೊಡನೆ ಬೆಸೆದುಕೊಂಡಿತು.

ಸಂಬಳವು ಅರಮನೆಯಿಂದ ಬರುತ್ತಿದ್ದುದರ ಪರಿಣಾಮ ಪಾಠದ ಮೇಲೆ ನೇರವಾಗಿ ಆಯಿತು. ಗುರುವಿನ ಅನ್ನಕ್ಕೆ ಶಿಷ್ಯನ ಹಣ ಆಧಾರವಾಗಿರಲಿಲ್ಲವಾದ್ದರಿಂದ ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಕಳಿಸಿಬಿಡಬೇಕು ಎಂಬ ನಿರ್ಧಾರ ಗುರುವಿನದೇ ಆಗಿತ್ತು. ಊರಿನಿಂದ ಬಂದ ಬಡ ಹುಡುಗನು ಗುರುವಿನ ಮನೆಯಲ್ಲೇ ಇದ್ದು ನೀರು ಸೇದಿ, ಪೇಟೆಯ ಕೆಲಸ ಮಾಡಿ ಕಲಿಯುತ್ತಿದ್ದನು. ಇಲ್ಲವೇ ವಾರಾನ್ನ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಮಾಡಿಕೊಂಡು ಬಂದು ಪಾಠಕ್ಕೆ ಕೂರುತ್ತಿದ್ದನು. ಈ ಏರ್ಪಾಟಿನ ಹಿರಿಮೆಯನ್ನು ಹೇಳುವಾಗ ಅದರ ಮಿತಿಯನ್ನೂ ಹೇಳದೆ ಬಿಡುವುದು ನ್ಯಾಯವಲ್ಲ: ಆ ಪಡಸಾಲೆಯ ಬಾಗಿಲು ಬಹುಮಟ್ಟಿಗೆ ಒಂದೆರಡು ಜಾತಿಗಳಿಗೆ ಮತ್ತು ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು, ಮತ್ತು ಗುರುವಿನ ಕೋಪಕ್ಕೆ ತುತ್ತಾದ ಶಿಷ್ಯನಿಗೆ ಮೊರೆಯಿಡಲು ಬೇರೆ ಸ್ಥಳವಿರಲಿಲ್ಲ.

ಆ ಪಾಠದಲ್ಲಿ ಏನು ಕಲಿಸಲಾಗುತ್ತಿತ್ತೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ‘ಮೈಸೂರು ಬಾನಿ’ ಎಂದು ಹೆಸರಾದದ್ದು ಅಲ್ಲೇ ಇದೆ. ಬಾನಿಯೆಂದರೆ ಒಂದು ಗುರುಪರಂಪರೆಗೆ ಸೇರಿದ ನುಡಿಸುವ ರೀತಿ. ತಂಜಾವೂರಿನ ರೀತಿಯಲ್ಲಿ ಎಡಗೈಯ ತೋರುಬೆರಳು ಮತ್ತು ನಡುಬೆರಳು ಒಟ್ಟಿಗೆ ಸೇರಿ ತಂತಿಯ ಮೇಲೆ ಚಲಿಸುತ್ತವೆ, ತಂತಿಯನ್ನು ಎಳೆದು ಕಂಠದ ಓಟವನ್ನು ಅನುಸರಿಸುವುದಕ್ಕೆ ಅಲ್ಲಿ ಹೆಚ್ಚಿನ ಬೆಲೆ. ಮೈಸೂರಿನ ರೀತಿಯಲ್ಲಿ ಆ ಎರಡು ಬೆರಳುಗಳನ್ನು ಬಿಡಿಸಿ, ಒಂದು ಬೆರಳು ಒಂದು ಮೆಟ್ಟಿಲಿನ ಮೇಲಿರುವಾಗಲೇ ಇನ್ನೊಂದು ಬೆರಳು ಮುಂದಿನ ಮೆಟ್ಟಿಲಿಗೆ ಸಿದ್ಧವಾಗಿರುವಂತೆ ಬಳಸಲಾಗುತ್ತದೆ. ಇದರಿಂದ ವೇಗದಲ್ಲಿ ನುಡಿಸುವಾಗಲೂ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ, ಬಲಗೈಯ ಮೀಟು ವಾದ್ಯದ ಸ್ವಂತ ಸೊಗಸಾಗಿ ಎದ್ದು ಕಾಣುತ್ತದೆ. ಹೊಸ ಶಿಷ್ಯನು ಮೊದಲ ತಿಂಗಳುಗಳಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ನುಡಿಸುತ್ತ, ತೋರುಬೆರಳು ಮತ್ತು ನಡುಬೆರಳುಗಳ ಮೀಟು ಒಂದಕ್ಕೊಂದು ಸಮನಾಗಿ ಕೇಳುವವರೆಗೆ, ತಂತಿ ಒತ್ತಿದ ಎಡಗೈ ಬೆರಳುಗಳಲ್ಲಿ ಗೀರು ಮೂಡಿ, ನೋವು ಕಳೆದು, ಚರ್ಮ ಗಟ್ಟಿಯಾಗುವವರೆಗೆ ಮುಂದಿನ ಪಾಠಕ್ಕೆ ಹೋಗುವಂತಿರಲಿಲ್ಲ.

ಈ ಬಾನಿಯ ಕಿರೀಟಪ್ರಾಯವಾದ ಭಾಗ ತಾನ. ರಾಗಾಲಾಪನೆಯ ಬಳಿಕ, ತಾಳದ ಆವರ್ತಕ್ಕೆ ಕಟ್ಟುಬೀಳದಿದ್ದರೂ ಒಳಗೊಂದು ಲಯದ ನಡೆಯನ್ನು ಇಟ್ಟುಕೊಂಡು, ಮೀಟುಗಳನ್ನು ಗುಂಪುಗುಂಪಾಗಿ ಹೆಣೆಯುತ್ತ ರಾಗವನ್ನು ವಿಸ್ತರಿಸುವುದಕ್ಕೆ ತಾನವೆಂದು ಹೆಸರು; ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಘನಪಂಚಕದ ರಾಗಗಳು ಅದಕ್ಕೆ ವಿಶೇಷವಾಗಿ ಒಗ್ಗುತ್ತವೆ. ಕೃತಿಯನ್ನಾದರೆ ಸಂಗತಿ ಸಂಗತಿಯಾಗಿ ಹೇಳಿಕೊಡಬಹುದು, ತಾನವನ್ನು ಹಾಗೆ ಬಾಯಿಪಾಠ ಮಾಡಿಸಲಾಗದು, ಏಕೆಂದರೆ ಅದು ಪ್ರತಿ ಸಲವೂ ಹೊಸತಾಗಿ ಹುಟ್ಟಬೇಕು. ಅದನ್ನು ಕಲಿಯಲು ಇದ್ದ ದಾರಿ ಒಂದೇ: ಗುರುವು ಸಭೆಯಲ್ಲಿ ನುಡಿಸುವಾಗ ಹಿಂದೆ ಕುಳಿತು ಕೇಳುವುದು, ಮರುದಿನ ಮನೆಯಲ್ಲಿ ಅದೇ ರಾಗವನ್ನು ಹಿಡಿದು ಗುರುವಿನ ಮುಂದೆ ತಡವರಿಸುತ್ತ ನುಡಿಸುವುದು, ತಿದ್ದಿಸಿಕೊಳ್ಳುವುದು. ಗುರುವಿನ ಬಾಯಿಂದಲೂ ಕೈಯಿಂದಲೂ ನೇರವಾಗಿ ಪಡೆದ ಕೃತಿಯ ರೂಪಕ್ಕೆ ಪಾಠಾಂತರವೆನ್ನುತ್ತಾರೆ. ವಿದ್ವಾಂಸನ ಯೋಗ್ಯತೆಯನ್ನು ಅಳೆಯುವಾಗ ಆತನ ಪಾಠಾಂತರ ಯಾವ ಗುರುವಿನದು ಎಂಬ ಪ್ರಶ್ನೆ ಇಂದಿಗೂ ಮೊದಲು ಬರುತ್ತದೆ.

ಶೇಷಣ್ಣನವರ ಶಿಷ್ಯವರ್ಗದಲ್ಲಿ ಭೈರವಿ ಲಕ್ಷ್ಮೀನಾರಾಯಣಪ್ಪ, ಮೊಮ್ಮಗ ವಿ. ಎನ್. ರಾವ್ ಮೊದಲಾದವರಿದ್ದರು, ಅವರೊಳಗೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ವೀಣೆ ವೆಂಕಟಗಿರಿಯಪ್ಪನವರು (1887–1952) ಗುರುವಿನ ಬಳಿಕ ಪರಂಪರೆಯ ಹೊಣೆಯನ್ನು ಹೊತ್ತವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಪಾಶ್ಚಾತ್ಯ ಬ್ಯಾಂಡೂ ಬೆಳೆದವು. ಒಟ್ಟೊ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರು ಬ್ಯಾಂಡಿನ ನಿರ್ದೇಶಕರಾಗಿದ್ದರು. ವೆಂಕಟಗಿರಿಯಪ್ಪನವರು ಒಡೆಯರ ಇಚ್ಛೆಯಂತೆ ನಗ್ಮಾಗಳೆಂಬ, ಸಾಹಿತ್ಯವಿಲ್ಲದ, ಹಿಂದೂಸ್ತಾನಿ ಛಾಯೆಯ ವಾದ್ಯರಚನೆಗಳನ್ನು ಸಂಯೋಜಿಸಿದರು. ಹಿಂದೂಸ್ತಾನಿ ಕಲಾವಿದರು ಮೈಸೂರಿಗೆ ಮೇಲಿಂದ ಮೇಲೆ ಬರುತ್ತಿದ್ದ ಕಾಲವದು. ಸಿತಾರ್ ವಾದಕ ಬರ್ಕತುಲ್ಲಾ ಖಾನರು ಆಸ್ಥಾನ ವಿದ್ವಾಂಸರೇ ಆಗಿದ್ದರು. ಒಬ್ಬನೇ ಗುರುವು ಬೆಳಿಗ್ಗೆ ವರ್ಣದ ಪಾಠ ಹೇಳಿ, ಹಗಲಿನಲ್ಲಿ ವಾದ್ಯವೃಂದಕ್ಕೆ ತಾಲೀಮು ಕೊಟ್ಟು, ಸಂಜೆ ದರ್ಬಾರಿನಲ್ಲಿ ನುಡಿಸುವ ಈ ಕ್ರಮದಲ್ಲಿ ಶಿಷ್ಯರ ಕಿವಿಗೆ ಬಿದ್ದ ಸಂಗೀತದ ಹರವು ಯಾವ ಪಠ್ಯಕ್ರಮಕ್ಕಿಂತಲೂ ದೊಡ್ಡದಾಗಿತ್ತು.

ಹೆಣ್ಣುಮಕ್ಕಳಿಗೆ ವೀಣೆಯ ಪಾಠದ ಬಾಗಿಲು ತೆರೆದದ್ದು ಇನ್ನೊಂದು ದಾರಿಯಿಂದ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಆರಂಭವಾದ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತವೂ ಕಲಿಕೆಯ ಭಾಗವಾಗಿದ್ದಿತು. ಮೇಲುಜಾತಿಯ ಮನೆಗಳು ಮಗಳನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ದೇವರ ಮುಂದೆ ನುಡಿಸಬಹುದಾದ ವಾದ್ಯವೆಂಬ ಗೌರವ ವೀಣೆಗಿದ್ದುದು ಅನುಕೂಲವಾಗಿ ಪರಿಣಮಿಸಿತು. ಮುಂದೆ ಲೇಖಕಿಯಾಗಿ ಹೆಸರಾದ ತಿರುಮಲೆ ರಾಜಮ್ಮನವರು ಶೇಷಣ್ಣನವರ ಶಿಷ್ಯೆಯರಲ್ಲಿ ಒಬ್ಬರು. ಆಸ್ಥಾನದ ವೈಣಿಕರು ಗಾಯಕರಿಗೂ ಗುರುಗಳಾಗಿದ್ದರೆಂಬುದನ್ನು ಇಲ್ಲಿಯೇ ನೆನೆಯಬಹುದು: ಮೈಸೂರು ವಾಸುದೇವಾಚಾರ್ಯರು ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರಾಗುವುದಕ್ಕೆ ಮುಂಚೆ ಸಂಗೀತದ ತಳಪಾಯ ಹಾಕಿಕೊಂಡದ್ದು ವೀಣೆ ಪದ್ಮನಾಭಯ್ಯನವರಲ್ಲಿ.

ಪಿಟೀಲಿನ ಕಥೆ ಬೇರೆ ಬಗೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು ಮತ್ತು ತಿರುವಾಂಕೂರಿನ ವಡಿವೇಲು ಅವರ ಪ್ರಯತ್ನದಿಂದ ಕರ್ನಾಟಕ ಸಂಗೀತಕ್ಕೆ ಒಗ್ಗಿಕೊಂಡ ಈ ಪರದೇಶದ ವಾದ್ಯವನ್ನು ದಕ್ಷಿಣದ ವಾದಕರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಗಾಲಿನ ಹಿಮ್ಮಡಿಯ ಬಳಿಗೆ ಆನಿಸಿ, ಎಡಗೈ ಸರಾಗವಾಗಿ ಜಾರುವಂತೆ ಹಿಡಿಯತೊಡಗಿದರು. ಪಿಟೀಲು ಬೇಗನೆ ಗಾಯಕನ ಪಕ್ಕವಾದ್ಯವಾಯಿತು. ಪಕ್ಕವಾದ್ಯದವನಿಗೆ ಕಚೇರಿಯೇ ಕಲಿಕೆಯ ಮುಖ್ಯ ಸ್ಥಳ, ಏಕೆಂದರೆ ಗಾಯಕನು ಹಾಡಿದುದನ್ನು ಆ ಕ್ಷಣದಲ್ಲೇ ಹಿಡಿದು ಮರುನುಡಿಸುವ ಅಭ್ಯಾಸ ಮನೆಯಲ್ಲಿ ಒಂಟಿಯಾಗಿ ಕುಳಿತರೆ ಬರುವುದಿಲ್ಲ. ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು (1895–1967) 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು, ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಗಾಯಕನೊಬ್ಬ ಪಿಟೀಲು ವಾದಕನನ್ನು ಹಲವು ವರ್ಷ ಮನೆಯಲ್ಲಿಟ್ಟುಕೊಂಡು ತಿದ್ದಿ, ತನ್ನದೇ ಕಚೇರಿಗಳಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಬೆಳೆಸಿದ ಈ ನಿದರ್ಶನದಲ್ಲಿ ಪಾಠ ಮತ್ತು ಪ್ರದರ್ಶನಗಳ ನಡುವಿನ ಗೆರೆಯೇ ಅಳಿಸಿಹೋಗಿದೆ. ಶಿಷ್ಯನು ತಪ್ಪು ನುಡಿಸಿದರೆ ಕೆಡುತ್ತಿದ್ದುದು ಗುರುವಿನ ಕಚೇರಿಯೇ ಆಗಿತ್ತಾದ್ದರಿಂದ ಶಿಕ್ಷೆಯೂ ಕಠಿಣವಾಗಿತ್ತು, ಫಲವೂ ಅಷ್ಟೇ ಗಟ್ಟಿಯಾಗಿ ಬಂದಿತು.

ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಚಪ್ಪರದ ಕೆಳಗೆ ಸೇರಿದ ದೊಡ್ಡ ಜನಸಂದಣಿಯ ಹಿಂದಿನ ಸಾಲಿನವರಿಗೆ ಪಿಟೀಲಿನ ನಾದ ಸಾಕಷ್ಟು ಮುಟ್ಟುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಚೌಡಯ್ಯನವರು 1920ರ ದಶಕದ ಕೊನೆಯ ಹೊತ್ತಿಗೆ ನಾಲ್ಕು ತಂತಿಗಳ ವಾದ್ಯಕ್ಕೆ ಜೊತೆಗೂಡುವ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಕಮಾನನ್ನು ಒಮ್ಮೆ ಎಳೆದರೆ ಜೋಡಿ ತಂತಿಗಳೆರಡೂ ಒಟ್ಟಿಗೆ ನುಡಿದು ನಾದ ತುಂಬಿಬರುತ್ತಿತ್ತು, ಆದರೆ ಎಡಗೈ ಬೆರಳು ಎರಡು ತಂತಿಗಳನ್ನು ಒಂದೇ ಸಲ ಸರಿಯಾದ ಜಾಗದಲ್ಲಿ ಒತ್ತಬೇಕಾಗಿತ್ತು, ಶ್ರುತಿ ಕೂಡಿಸುವ ಶ್ರಮವೂ ಹೆಚ್ಚಿತ್ತು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಆ ಕಾಲದ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದ ಅವರು 1939ರಲ್ಲಿ ಆಸ್ಥಾನ ವಿದ್ವಾಂಸರಾದರು, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಪಡೆದರು. ವರ್ಷದ ಬಹುಭಾಗ ರೈಲುಪ್ರಯಾಣದಲ್ಲಿ ಕಳೆಯಬೇಕಾದ ವಾದಕನಿಗೆ ಮನೆಯಲ್ಲಿ ಕುಳಿತು ದಿನವೂ ಪಾಠ ಹೇಳುವುದು ಸಾಧ್ಯವಾಗುವುದಿಲ್ಲ. ಚೌಡಯ್ಯನವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ, ತಮ್ಮ ಅನುಪಸ್ಥಿತಿಯಲ್ಲೂ ಪಾಠ ನಡೆಯಬಹುದಾದ ನೆಲೆಯೊಂದನ್ನು ಊರಿಗೆ ಕೊಟ್ಟರು.

ಏಳು ತಂತಿಗಳ ಪಿಟೀಲು ಅದರ ಕರ್ತೃವಿನೊಂದಿಗೇ ಕಣ್ಮರೆಯಾಗದೆ ಉಳಿದದ್ದು ಶಿಷ್ಯರಿಂದ. ಕಾವೇರಿಯ ದಡದ ರುದ್ರಪಟ್ಣದಿಂದ ಬಂದ ಆರ್. ಆರ್. ಕೇಶವಮೂರ್ತಿಯವರು ಚೌಡಯ್ಯನವರ ವಾದ್ಯವನ್ನೇ ಹಿಡಿದು, ಕೊನೆಯವರೆಗೂ ಅದನ್ನೇ ನುಡಿಸಿ, ಬೆಂಗಳೂರಿನಲ್ಲಿ ನೆಲೆಸಿ ತಲೆಮಾರುಗಳ ಶಿಷ್ಯರನ್ನು ಬೆಳೆಸಿದರು. 2006ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಆನೂರು ರಾಮಕೃಷ್ಣ, ಜ್ಯೋತ್ಸ್ನಾ ಶ್ರೀಕಾಂತ್ ಮುಂತಾದ ಅವರ ಶಿಷ್ಯರು ಸ್ವತಃ ಹೆಸರಾಂತ ವಾದಕರಾಗಿದ್ದರು. ಅರಕಲಗೂಡು ತಾಲ್ಲೂಕಿನ ಪುಟ್ಟ ಹಳ್ಳಿಯಾದ ರುದ್ರಪಟ್ಣ ಇಷ್ಟೊಂದು ಸಂಗೀತಗಾರರನ್ನು ಕೊಟ್ಟದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ, ಗಾಯಕ ಆರ್. ಕೆ. ಶ್ರೀಕಂಠನ್ ಮತ್ತು ಅವರ ಅಣ್ಣ, ಪಿಟೀಲು ವಾದಕ ಆರ್. ಕೆ. ವೆಂಕಟರಾಮಾ ಶಾಸ್ತ್ರಿಗಳೂ ಅಲ್ಲಿಯವರೇ.

ಉತ್ತರದ ಧಾರವಾಡದಲ್ಲಿ, ನುಡಿಸುತ್ತಲೇ ಶಿಷ್ಯರನ್ನು ಬೆಳೆಸುವ ಇದೇ ಕೆಲಸ ಸಿತಾರ್ ವಾದಕರಿಂದ ನಡೆಯಿತು. ಬಂದೇ ಅಲಿ ಖಾನರ ಶಿಷ್ಯರಾದ ರಹಿಮತ್ ಖಾನರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಧಾರವಾಡಕ್ಕೆ ಬಂದು ನೆಲೆಸಿ, ಮೈಸೂರಿನ ನಾಲ್ವಡಿಯವರಿಂದ ‘ಸಿತಾರ್ ರತ್ನ’ ಎಂಬ ಬಿರುದು ಪಡೆದು, ಭಾರತೀಯ ಸಂಗೀತ ವಿದ್ಯಾಲಯವನ್ನು ಕಟ್ಟಿದರು. ಅಲ್ಲಿ ಮೈಸೂರಿನಂತೆ ಬೆನ್ನಿಗೆ ಅರಮನೆಯ ಸಂಬಳವಿರಲಿಲ್ಲ; ಊರಿನ ವಿದ್ಯಾವಂತ ಮನೆತನಗಳ ಮಕ್ಕಳೇ ವಿದ್ಯಾರ್ಥಿಗಳಾಗಿ ಬಂದರು. ರಹಿಮತ್ ಖಾನರ ಮೊಮ್ಮಗ ಬಾಲೇಖಾನರು (1942–2007) ಧಾರವಾಡ ಆಕಾಶವಾಣಿಯ ಕಲಾವಿದರಾಗಿ, ದೇಶದೆಲ್ಲೆಡೆ ನುಡಿಸಿ, ಮನೆಯಲ್ಲೂ ಪಾಠ ಹೇಳಿದರು.

ಸ್ವಾತಂತ್ರ್ಯದ ಬಳಿಕ ಸಂಸ್ಥಾನವು ಗಣರಾಜ್ಯದಲ್ಲಿ ಸೇರಿಹೋದಾಗ ಆಸ್ಥಾನ ವಿದ್ವಾಂಸರೆಂಬ ಗೌರವ ಉಳಿಯಿತಾದರೂ ಅದರ ಹಿಂದಿನ ಆರ್ಥಿಕ ಬಲ ಕುಗ್ಗಿತು. ಆ ಸಂಧಿಕಾಲವನ್ನು ತಮ್ಮ ಬದುಕಿನಲ್ಲೇ ದಾಟಿದವರು ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997). ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿ, ವೈಣಿಕರೇ ಆಗಿದ್ದ ತಂದೆ ವೆಂಕಟೇಶ ಅಯ್ಯಂಗಾರ್ಯರಲ್ಲಿ ಮೊದಲ ಪಾಠ ಕಲಿತು, ಬಳಿಕ ವೆಂಕಟಗಿರಿಯಪ್ಪನವರ ಶಿಷ್ಯರಾಗಿ, ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಗುರುವಿನೊಡನೆ ನಾಲ್ವಡಿಯವರ ಮುಂದೆ ನುಡಿಸಿದ ಅವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ ಪಡೆದರು. ವೈಣಿಕನಿಗೆ ಪದವಿಯೇಕೆ ಎಂಬ ಪ್ರಶ್ನೆಗೆ ಮುಂದಿನ ಕಾಲವೇ ಉತ್ತರ ಕೊಟ್ಟಿತು. 1935ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಆಕಾಶವಾಣಿ, ಮುಂದೆ ಸರ್ಕಾರದ ವಶಕ್ಕೆ ಬಂದು, 1955ರ ನವೆಂಬರ್‌ನಲ್ಲಿ ಬೆಂಗಳೂರು ನಿಲಯವಾಗಿ ನೆಲೆಗೊಂಡಾಗ ದೊರೆಸ್ವಾಮಿ ಅಯ್ಯಂಗಾರ್ಯರು ಅಲ್ಲಿ ಸಂಗೀತದ ನಿರ್ಮಾಪಕರಾದರು. ಚೌಡಯ್ಯನವರೊಡನೆ ವೀಣೆ–ಪಿಟೀಲು ಜೋಡಿ ಕಚೇರಿ, ಅಲಿ ಅಕ್ಬರ್ ಖಾನರೊಡನೆ ವೀಣೆ–ಸರೋದ್ ಜುಗಲ್‌ಬಂದಿ, ನಿಲಯದ ವಾದ್ಯವೃಂದ, ಮಗ ಡಿ. ಬಾಲಕೃಷ್ಣ ಅವರೂ ಸೇರಿದಂತೆ ಶಿಷ್ಯರಿಗೆ ಪಾಠ, ಇವೆಲ್ಲವೂ ಒಂದೇ ಬದುಕಿನಲ್ಲಿ ನಡೆದವು. 1983ರಲ್ಲಿ ಪದ್ಮಭೂಷಣ, ಮರುವರ್ಷ ಸಂಗೀತ ಕಲಾನಿಧಿ ಗೌರವಗಳು ಬಂದವು.

ಆಕಾಶವಾಣಿ ತಂದ ಬದಲಾವಣೆಯ ಆಳವನ್ನು ಇನ್ನೂ ಸರಿಯಾಗಿ ಗುರುತಿಸಲಾಗಿಲ್ಲ. ಅರಮನೆಯ ಸ್ಥಾನವನ್ನು ಅದು ತುಂಬಿತೆಂಬುದು ನಿಜ: ನಿಲಯ ಕಲಾವಿದರಿಗೆ, ಎಂದರೆ ನಿಲಯದ ಸಂಬಳ ಪಡೆಯುವ ಖಾಯಂ ವಾದಕರಿಗೆ, ಮತ್ತೆ ತಿಂಗಳ ವರಮಾನ ದೊರೆಯಿತು, ಮನೆಯಲ್ಲಿ ಶಿಷ್ಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮರಳಿತು. ಆದರೆ ಅರಮನೆಯ ರಾತ್ರಿಕಚೇರಿಯಲ್ಲಿ ಗಂಟೆಗಟ್ಟಲೆ ಬೆಳೆಯುತ್ತಿದ್ದ ತಾನವು ಬಾನುಲಿಯ ಅರ್ಧ ಗಂಟೆಯ ಅವಧಿಯೊಳಗೆ ಅಡಗಬೇಕಾಯಿತು, ಆ ಅವಧಿಗೆ ತಕ್ಕಂತೆ ಶಿಷ್ಯರೂ ಕಲಿತರು. ಧ್ವನಿಪರೀಕ್ಷೆಯಲ್ಲಿ ಕಲಾವಿದರಿಗೆ ಶ್ರೇಣಿ ಕೊಡುವ ಪದ್ಧತಿ ಬಂದ ಮೇಲೆ ಆ ಶ್ರೇಣಿಯೇ ಗುರುವಿನ ಯೋಗ್ಯತೆಯ ಗುರುತಾಗಿ ಮನೆಪಾಠದ ಮಾರುಕಟ್ಟೆಗೂ ಬಂದಿತು. ಇನ್ನೊಂದು ಕಡೆ, ಅರಮನೆಯ ಹೊಸ್ತಿಲನ್ನು ಎಂದೂ ದಾಟಲಾಗದಿದ್ದ ಲಕ್ಷಾಂತರ ಮಂದಿ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲಿನ ರೇಡಿಯೋದಲ್ಲಿ ಮೈಸೂರಿನ ವೀಣೆಯನ್ನು ಕೇಳುವಂತಾದುದು ಈ ಸಂಗೀತದ ಚರಿತ್ರೆಯಲ್ಲಿ ಬಹು ದೊಡ್ಡ ಘಟನೆ.

ಅದೇ ದಶಕಗಳಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸರ್ಕಾರಿ ನೌಕರಿಯ, ಕಾರ್ಖಾನೆಯ ನೌಕರಿಯ ಕುಟುಂಬಗಳು ಹೆಚ್ಚಿದಂತೆ ಹೊಸ ಬಗೆಯ ಶಿಷ್ಯರು ಬಂದರು. ಬೆಂಗಳೂರು ಗಾಯನ ಸಮಾಜ, 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಕಚೇರಿಗಳನ್ನು ನಡೆಸಿಕೊಂಡು ಬಂದಿರುವ ಶ್ರೀರಾಮಸೇವಾ ಮಂಡಳಿ ಮೊದಲಾದ ಸಭೆಗಳಲ್ಲಿ ನುಡಿಸಿದ ವಿದ್ವಾಂಸರಲ್ಲಿಗೆ ಮರುದಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಪಾಠಕ್ಕೆ ಸೇರಿಸುವ ರೂಢಿ ಬೆಳೆಯಿತು. ವಾರಕ್ಕೆ ಎರಡು ಪಾಠ, ತಿಂಗಳಿಗೆ ಇಷ್ಟು ಶುಲ್ಕ ಎಂಬ ಏರ್ಪಾಟು ಆರಂಭವಾದುದರಿಂದ ಗುರುವಿಗೆ ಕಚೇರಿಯಿಲ್ಲದ ತಿಂಗಳಲ್ಲೂ ಅನ್ನ ದೊರೆಯಿತು, ಗುರುವಿನ ಮನೆಯಲ್ಲಿರಲಾಗದ ಹೆಣ್ಣುಮಕ್ಕಳೂ ಎಲ್ಲ ಜಾತಿಯ ಮಕ್ಕಳೂ ಕಲಿಯುವಂತಾಯಿತು. ಸರ್ಕಾರದ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಈ ಕಲಿಕೆಗೆ ಮೆಟ್ಟಿಲುಗಳನ್ನು ಹಾಕಿಕೊಟ್ಟವು. ನಷ್ಟವಾದದ್ದು ಕಾಲ: ದಿನವೆಲ್ಲ ಗುರುವಿನ ವಾದ್ಯ ಕಿವಿಗೆ ಬೀಳುತ್ತಿದ್ದ ಸ್ಥಿತಿ ಹೋಗಿ, ಮುಕ್ಕಾಲು ಗಂಟೆಯ ಪಾಠ ಮುಗಿದೊಡನೆ ಮುಂದಿನ ವಿದ್ಯಾರ್ಥಿ ಬಾಗಿಲಲ್ಲಿ ಕಾಯುವ ಸ್ಥಿತಿ ಬಂದಿತು.

1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸಂಗೀತ ಮತ್ತು ನೃತ್ಯಕ್ಕೆಂದೇ ಕಾಲೇಜು ತೆರೆದಾಗ, ಮೊದಲ ಪ್ರಾಂಶುಪಾಲರಾದ ವಿ. ರಾಮರತ್ನಂ ಅವರೂ, ವೀಣೆ ಕಲಿಸಿದ ಆರ್. ವಿಶ್ವೇಶ್ವರನ್ ಅವರೂ ಕಚೇರಿಯ ಅನುಭವವುಳ್ಳ ಸಂಗೀತಗಾರರೇ ಆಗಿದ್ದುದು ಆ ಸಂಸ್ಥೆಯ ಭಾಗ್ಯ. ಮುಂದೆ ಕಾಲೇಜು ಅಧ್ಯಾಪಕರ ನೇಮಕಕ್ಕೆ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ, ಸಂಶೋಧನಾ ಪದವಿಗಳು ಅಗತ್ಯವಾದವು. ಸಂಗೀತಶಾಸ್ತ್ರದ ಅಧ್ಯಯನಕ್ಕೆ ಇದರಿಂದ ನಿಶ್ಚಯವಾಗಿಯೂ ಲಾಭವಾಗಿದೆ, ಆದರೆ ಮೂವತ್ತು ವರ್ಷ ವೇದಿಕೆಯಲ್ಲಿ ನುಡಿಸಿದ, ಪದವಿಯಿಲ್ಲದ ವಾದಕನು ಆ ತರಗತಿಯೊಳಗೆ ಅತಿಥಿಯಾಗಿ ಮಾತ್ರ ಬರಬಲ್ಲನೆಂಬುದು ಈ ಪರಂಪರೆಯ ರೀತಿಗೆ ಒಗ್ಗದ ನಿಯಮ. ಪಠ್ಯಕ್ರಮದಲ್ಲಿ ಎಷ್ಟು ವರ್ಣ, ಎಷ್ಟು ಕೃತಿ, ಯಾವ ಯಾವ ರಾಗ ಎಂಬುದನ್ನು ಬರೆಯಲಾಗುತ್ತದೆ. ಬೆರಳನ್ನು ಬಿಡಿಸಿ ಇಡುವ ಕ್ರಮವನ್ನಾಗಲಿ, ಘನರಾಗದ ತಾನವು ಯಾವ ಘಟ್ಟದಲ್ಲಿ ವೇಗ ಹೆಚ್ಚಿಸಿಕೊಳ್ಳಬೇಕೆಂಬುದನ್ನಾಗಲಿ ಬರೆದಿಡಲು ಅಲ್ಲಿ ಎಡೆಯಿಲ್ಲ. ಆದುದರಿಂದ ಪದವಿ ಪಡೆದು, ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ನುಡಿಸುವುದನ್ನೇ ಬದುಕಾಗಿಸಿಕೊಳ್ಳಬಯಸುವ ತರುಣ ವೈಣಿಕರು ವಾರಕ್ಕೆರಡು ಸಂಜೆ ಇನ್ನೊಬ್ಬ ಹಿರಿಯ ವಾದಕರ ಮನೆಗೆ ಹೋಗಿ, ಅವರೆದುರು ವೀಣೆ ಇಟ್ಟುಕೊಂಡು, ಅವರ ಗುರುವಿನಿಂದ ಅವರಿಗೆ ಬಂದ ಪಾಠಾಂತರವನ್ನು ಒಂದೊಂದು ಸಂಗತಿಯಾಗಿ ಪಡೆಯುತ್ತಿದ್ದಾರೆ.